ಅಕ್ಕ ನಂಬಿದ ಎತ್ತು

ಇದನ್ನು ಬರೆಯಲು ಕೂತಾಗಲೆಲ್ಲ ಬೇರೇನೋ ಬರೆದು ಎದ್ದಿದ್ದೇನೆ. ಹೆಂಡತಿ ಇರುವವರೆಗೆ ಹೇಳುವುದು ಸಾಧ್ಯವಿರಲಿಲ್ಲ. ಈಗ ಆಕೆಯಿಲ್ಲ, ಆ ನೆವವೂ ಇಲ್ಲ.

ಅದು ನಿಜಾಮರ ಕಾಲ. ನಾನು ಹುಮನಾಬಾದಿನಲ್ಲಿ ಹೈಸ್ಕೂಲು ಮುಗಿಸಿದ್ದೆ. ಕಣ್ಣುಬೇನೆಯೆಂದು ಅಕ್ಕ ಕಲ್ಯಾಣಿಯ, ಅಂದರೆ ಈಗಿನ ಬಸವಕಲ್ಯಾಣದ, ದವಾಖಾನೆಯಲ್ಲಿ ಕೆಲವು ವಾರ ಇದ್ದು ಬಂದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದವಳಿಗೆ ಅಲ್ಲಿಯ ಕ್ರೈಸ್ತ ದಾದಿ ಲೂಸಿ ಎಂಬ ಕನ್ಯೆಯ ಕಥೆ ಹೇಳಿದ್ದಳಂತೆ.

ರೋಮಿನ ದೊರೆಗಳು ಆಳುತ್ತಿದ್ದ ದ್ವೀಪವೊಂದರ ಹುಡುಗಿ. ತಾನು ದೇವರಿಗೆ ಸೇರಿದವಳು, ಮದುವೆ ಒಲ್ಲೆ ಎಂದಳು. ಮದುವೆಗಿಟ್ಟ ಹಣವನ್ನು ಬಡವರಿಗೆ ಹಂಚಿದಳು. ಗೊತ್ತಾಗಿದ್ದ ವರನೇ ಹೋಗಿ, ಇವಳು ಆಗ ನಿಷೇಧವಿದ್ದ ಕ್ರೈಸ್ತ ಮತದವಳೆಂದು ಅಧಿಕಾರಿಗೆ ಚಾಡಿ ಹೇಳಿದ. ಸೂಳೆಗೇರಿಗೆ ಎಳೆದೊಯ್ಯಿರಿ ಎಂದು ಅವನು ಹೇಳಿದರೂ ಆಳುಗಳಿಂದ ಆಗಲಿಲ್ಲ. ಎತ್ತು ಹೂಡಿ ಎಳೆಸಿದರೂ ಆಕೆ ಕದಲಲಿಲ್ಲ. ಬೆಂಕಿ ಸುಡಲಿಲ್ಲ. ಕೊನೆಗೆ ಗಂಟಲಿಗೆ ಕತ್ತಿ ಹಾಕಿದರು. ಆಕೆಯ ಕಣ್ಣು ಕಿತ್ತರೆಂದೂ ಹೇಳುತ್ತಾರೆ. ಕಣ್ಣುಬೇನೆಯವರು ಆಕೆಯನ್ನು ನೆನೆಯುವುದು ಅದಕ್ಕಂತೆ.

ಅಕ್ಕನ ಮನಸ್ಸಿನಲ್ಲಿ ಉಳಿದದ್ದು ಎತ್ತಿನ ಮಾತು. ಅಡುಗೆ ಮಾಡುತ್ತ ಅದನ್ನೇ ಹೇಳುವಳು.

"ಯಾವೂರ ಎತ್ತು ಅವು ಅಕ್ಕಾ? ಹೊಟ್ಟಿಗಿ ಹಾಕಿದ್ದಿಲ್ಲೇನು?" ಎಂದು ನಾನು ನಗಾಡುತ್ತಿದ್ದೆ.

ಹುಲಸೂರಿನ ಒಂದು ಮನೆಯೊಡನೆ ನಮಗೆ ಸಾಟಿ ಮದುವೆ ಗೊತ್ತಾಗಿತ್ತು. ಅಕ್ಕ ಆ ಮನೆಯ ಮಗನಿಗೆ, ಅವನ ತಂಗಿ ನನಗೆ. ಒಂದು ಮುರಿದರೆ ಎರಡೂ ಮುರಿದಂತೆ. ತನಗೆ ಮದುವೆ ಬೇಡ, ದಾದಿಯ ಬಳಿಗೆ ಓಡಿಹೋಗಿ ಆ ಕೆಲಸ ಕಲಿಯುತ್ತೇನೆಂದು ಅಕ್ಕ ನನ್ನೊಬ್ಬನಿಗೇ ಹೇಳಿದಳು. ನಾನು ಹುಲಸೂರಿನ ಹುಡುಗಿಯನ್ನು ನೋಡಿ ಬಂದಿದ್ದೆ, ಮನಸ್ಸಾಗಿತ್ತು. ಅಪ್ಪನಿಗೆ ಹೇಳಿಬಿಟ್ಟೆ. ಅಪ್ಪ ಅವಳನ್ನು ಬಡಿದು, ಮದುವೆಯ ತನಕ ಕೋಣೆಯಲ್ಲಿ ಕೂಡಿಹಾಕಿದ.

ಮದುವೆಗೆ ಹುಲಸೂರಿಗೆ ಹೊರಟಾಗ ಅಕ್ಕ ಕೂತ ಬಂಡಿ ಹೊಡೆದವನು ನಾನು. ಕಲ್ಯಾಣಿಯ ದವಾಖಾನೆ ಕಾಣುವ ತಿರುವಿನಲ್ಲಿ ಎತ್ತುಗಳು ತಾವಾಗಿಯೇ ನಿಂತವು. ಬಾಯಾರಿತ್ತೋ ಏನೋ. ಅಕ್ಕ ಮುಖದ ಸೆರಗು ಸರಿಸಿದಳು.

"ತಮ್ಮಾ, ನಿಂತಾವ ನೋಡು. ಹೊಡೀಬ್ಯಾಡ."

ಹಿಂದಿನ ಬಂಡಿಯಿಂದ ಅಪ್ಪ ಯಾಕೆ ನಿಂತಿರೆಂದು ಕೇಳಿದ.

"ಏನಿಲ್ಲಪ್ಪಾ, ನಡಸಾಕತ್ತೇನಿ," ಎಂದು ಎತ್ತಿನ ಬಾಲ ತಿರುವಿದೆ. ಬಂಡಿ ಮುಂದೆ ಹೋಯಿತು.

ಪಂಚಮಿಗೆ ಅಕ್ಕನನ್ನು ಕರೆತರಲು ಹೋದರೆ ಅತ್ತೆಯ ಮನೆಯವರು ಕಳಿಸಲಿಲ್ಲ. ಅಕ್ಕ ನೀರು ಕೊಟ್ಟು ನನ್ನೆದುರಿಗೇ ನಿಂತಿದ್ದಳು. ನಡುಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಪ್ಪಾಯಿತು ಎನ್ನಬಹುದಿತ್ತು. ಜೋಳ ಹ್ಯಾಂಗ ಬಂದದ ಎಂದು ಕೇಳಿ ಎದ್ದುಬಂದೆ.

ವರ್ಷ ತುಂಬುವ ಮೊದಲೇ ಅವಳು ಅವರ ಹೊಲದ ಬಾವಿಯಲ್ಲಿ ಸಿಕ್ಕಳು. ಕಾಲು ಜಾರಿತು ಎಂದರು. ನಾವೂ ಹಾಗೆಯೇ ಹೇಳಿದೆವು. ಆ ಮನೆಯ ಮಗಳೊಡನೆ ನಾನು ಸುಖವಾಗಿಯೇ ಬಾಳಿದೆ, ಅದನ್ನೂ ಹೇಳಬೇಕು.

ಮುದುಕನಾದ ಮೇಲೆ ಸಣ್ಣಪುಟ್ಟ ತಪ್ಪಿಗೂ ಜನರ ಮನೆಗೆ ಹೋಗಿ ಕೈಮುಗಿದು ಬಂದಿದ್ದೇನೆ. ಕ್ಷಮೆ ಕೇಳದೆ ಉಳಿದದ್ದು ಒಬ್ಬಳನ್ನೇ, ನನ್ನ ಅಕ್ಕನನ್ನು.