ಸಾಲಿನ ಮೊದಲಿನ ಖಾಲಿ ಜಾಗ

ಬೆಳಿಗ್ಗೆ ಹತ್ತಕ್ಕೆ ಶಟರ್ ಎತ್ತಿ, ಅಂಗಡಿ ಮುಂದೆ ನೀರು ಚಿಮುಕಿಸಿ ಪಿಂಕಿ ಮೇಜಿಗೆ ಕೂತಳೆಂದರೆ, ಜೋಳ ಹಸನು ಮಾಡುತ್ತ ಕೂತ ಅವಳ ತಾಯಿ ಭಾಗಾಬಾಯಿ ಕೇಳುವ ಮೊದಲ ಮಾತು ಒಂದೇ.

"ಸುಮಿತ ಎದ್ದಾನೇನ?"

"ಎದ್ದಾನಬೇ."

ಹೊಸ ಗಿರಾಕಿಗಳು ಇದನ್ನು ಕೇಳಿ, ಮೇಜಿನ ಹಿಂದೆ ಯಾರೋ ಮಲಗಿರಬೇಕೆಂದು ಇಣುಕುವುದುಂಟು. ಅಲ್ಲಿ ಯಾರೂ ಇಲ್ಲ. ಸುಮಿತ ಪಿಂಕಿಯ ಅಣ್ಣ, ತೀರಿಕೊಂಡು ಆರು ವರ್ಷವಾಯಿತು. ಏಳುವುದು ಅವನ ಪೆನ್ ಡ್ರೈವ್.

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಈ ಕಂಪ್ಯೂಟರ್ ರಿಪೇರಿ ಅಂಗಡಿ ಅವನದೇ. ಯಾರಿಗೂ ದುಡ್ಡು ಕೊಡಬೇಕಿಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ಲಿನಕ್ಸ್ ವ್ಯವಸ್ಥೆಯನ್ನು ಅವನು ಒಂದು ಪೆನ್ ಡ್ರೈವಿನೊಳಗೆ ಪೂರ್ತಿಯಾಗಿ ಕೂರಿಸಿಟ್ಟಿದ್ದ. ಎಂಥ ಜಡ್ಡು ಹಿಡಿದ ಮಷಿನ್ ಬರಲಿ, ಅದನ್ನು ಚುಚ್ಚಿದರೆ ಮಷಿನ್ನಿನ ಸ್ವಂತ ವ್ಯವಸ್ಥೆಯನ್ನು ಬದಿಗಿಟ್ಟು ಪೆನ್ ಡ್ರೈವಿನಿಂದಲೇ ಚಾಲೂ ಆಗುತ್ತದೆ. ಆಮೇಲೆ ಒಳಗಿನ ಫೋಟೊ, ಕಾಗದಪತ್ರ ಎಲ್ಲ ಹೊರಗೆ ತೆಗೆಯಬಹುದು. ಚಾಲೂ ಆದಾಗ ಕಪ್ಪು ಪರದೆಯ ಎಡತುದಿಯಲ್ಲಿ ಇಂಗ್ಲಿಷಿನ ಐದು ಅಕ್ಷರ ಮೂಡುತ್ತವೆ: ಸುಮಿತನ ಹೆಸರು. ಅದರ ಮುಂದೆ ಒಂದು ಪುಟ್ಟ ಕಡ್ಡಿ ಮಿನುಗುತ್ತ, ಏನು ಮಾಡಲಿ ಹೇಳು ಅನ್ನುತ್ತ ಕಾಯುತ್ತದೆ. ಭಾಗಾಬಾಯಿಗೆ ಓದು ಬಾರದು. ಆದರೂ ಆ ಐದು ಅಕ್ಷರದ ಗುರುತು ಅವಳಿಗೆ ಪಕ್ಕಾ ಸಿಕ್ಕಿದೆ.

ಪಿಂಕಿ ಮೈಂದರ್ಗಿಯಲ್ಲಿ ಹುಟ್ಟಿದವಳು. ಹನ್ನೆರಡನೆಯ ಇಯತ್ತೆ ಮುಗಿಸಿ ಅಣ್ಣನ ಹಿಂದೆ ಸೊಲ್ಲಾಪುರಕ್ಕೆ ಬಂದಳು, ಅವನ ಕೈಕೆಳಗೇ ಕೆಲಸ ಕಲಿತಳು. ಈಗ ಮೂವತ್ತೊಂದು. ಹೆಂಗಸು ಸ್ಕ್ರೂಡ್ರೈವರ್ ಹಿಡಿದದ್ದು ಕಂಡವರು ಇವತ್ತಿಗೂ "ಮಾಲಕರು ಯಾವಾಗ ಬರ್ತಾರ?" ಅಂತ ಕೇಳುತ್ತಾರೆ. "ಬಂದು ನಿಮ್ಮ ಮುಂದಽ ಕುಂತಾರ, ಹೇಳ್ರಿ" ಅನ್ನುತ್ತಾಳೆ. ಅವಳದು ನೇರಾನೇರ ಮಾತು. ನೀರು ಬಿದ್ದು ಕೆಟ್ಟದ್ದಕ್ಕೆ ನೀರು ಬಿದ್ದಿದೆ ಅನ್ನುತ್ತಾಳೆ, ಸತ್ತದ್ದಕ್ಕೆ ಸತ್ತಿದೆ ಅನ್ನುತ್ತಾಳೆ. ಪಿಂಕಿಗೆ ಸುಳ್ಳು ಬರುವುದಿಲ್ಲ ಅಂತ ಅಂಗಡಿ ಸಾಲಿನವರೆಲ್ಲ ಹೇಳುತ್ತಾರೆ. ಪಾಪ, ಅವರಿಗೇನು ಗೊತ್ತು. ಅವಳು ಹೇಳಿದ ಒಂದೇ ಒಂದು ಸುಳ್ಳು ಆರು ವರ್ಷದಿಂದ ಅವಳನ್ನು ಬಿಟ್ಟಿಲ್ಲ.

ಅದು ಹೀಗಾಯಿತು. ವಾಗದರಿ ಕಡೆಯ ಒಂದು ಕನ್ನಡ ಶಾಲೆಗೆ ಯಾರೋ ಪುಣ್ಯಾತ್ಮರು ನಾಲ್ಕು ಹಳೆಯ ಕಂಪ್ಯೂಟರ್ ಕೊಟ್ಟಿದ್ದರು. ಅವಕ್ಕೆ ಲಿನಕ್ಸ್ ಹಾಕಿಕೊಳ್ಳಲು ಒಂದು ಪೆನ್ ಡ್ರೈವ್ ಮಾಡಿಕೊಡಿ ಅಂತ ಮುಖ್ಯಗುರು ಮಲ್ಲಯ್ಯ ಬಂದರು. ಅದನ್ನು ಮಾಡುವುದಕ್ಕೊಂದು ರೀತಿಯಿದೆ. ವ್ಯವಸ್ಥೆಯ ಫೈಲನ್ನು ಪೆನ್ ಡ್ರೈವಿನ ಮೇಲೆ ಮೊದಲಿಂದ ಕೊನೆಯವರೆಗೆ ಬರೆಯಬೇಕು, ಅದಕ್ಕೇ ಬೇರೆ ಪ್ರೋಗ್ರಾಂ ಇದೆ. ಗೆಳತಿಯ ಅರಿಷಿಣಕ್ಕೆ ಹೋಗುವ ಅವಸರದಲ್ಲಿದ್ದ ಪಿಂಕಿ, ಮದುವೆ ಫೋಟೊ ಹಾಕಿಕೊಟ್ಟ ಹಾಗೆ, ಆ ಫೈಲನ್ನು ಬರೇ ಎಳೆದು ಒಳಗೆ ಹಾಕಿ ಕೊಟ್ಟುಬಿಟ್ಟಳು. ಹಾಗೆ ಹಾಕಿದ್ದು ಎಂದೂ ಚಾಲೂ ಆಗುವುದಿಲ್ಲ.

ಮರುದಿನ ಮಲ್ಲಯ್ಯನವರ ಫೋನು ಬಂತು, ಚಾಲೂ ಆಗವಲ್ದು ಅಂತ. ಪಿಂಕಿಗೆ ಅದೇ ಕ್ಷಣ ತಪ್ಪು ಹೊಳೆಯಿತು. ಅಣ್ಣ ಕೇಳಿದಾಗ ಮಾತ್ರ ನಾಲಿಗೆ ಬೇರೆಯೇ ಹೇಳಿತು:

"ಪೆನ್ ಡ್ರೈವ್ ಬರೋಬ್ಬರಿ ಅದಣ್ಣಾ. ಮಷಿನ್ದ ತ್ರಾಸ ಅದ."

"ಮಷಿನ್ದ ಇದ್ರ ನಾನಽ ಹೋಗ್ತೀನಿ ತಗೋ" ಅಂದ ಸುಮಿತ. ತನ್ನ ಪೆನ್ ಡ್ರೈವ್ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದ. ಸಂಜೆ ವಾಪಸು ಬರುವಾಗ, ಹಿಂದೆ ಕೆಂಪು ದೀಪವೂ ಇಲ್ಲದೆ ರಸ್ತೆ ಬದಿಗೆ ನಿಂತಿದ್ದ ಕಬ್ಬಿನ ಟ್ರಾಲಿಗೆ ಹೊಡೆದುಕೊಂಡು ಅಲ್ಲೇ ತೀರಿಕೊಂಡ. ಅಂಗಿ ಜೇಬಿನ ಪೆನ್ ಡ್ರೈವಿಗೆ ಮಾತ್ರ ಏನೂ ಆಗಿರಲಿಲ್ಲ.

ಮೂರನೆಯ ದಿನ ಮಾತನಾಡಿಸಲು ಬಂದ ಮಲ್ಲಯ್ಯ, "ಪಿಂಕಿ ಬರೋಬ್ಬರಿ ಮಾಡಿ ಕೊಟ್ಟಾಳ್ರಿ, ನಿಮ್ಮ ಮಷಿನ್ದಽ ತ್ರಾಸ ಇತ್ತು ಅಂತ ಹೇಳಿದ್ರವ್ವಾ ನಿಮ್ಮ ಅಣ್ಣಾವ್ರು" ಅಂದರು. ಸಮಾಧಾನಕ್ಕೆಂದೇ ಹೇಳಿದ್ದರು. ಅಂದಿನಿಂದ ಪಿಂಕಿಯ ತಲೆಯಲ್ಲಿ ಒಂದು ಹುಳ ಸೇರಿತು. ಶಾಲೆಗೆ ಕೊಟ್ಟ ಆ ಪೆನ್ ಡ್ರೈವನ್ನು ಅಣ್ಣ ನೋಡಲೇ ಇಲ್ಲವೇ? ಅಥವಾ ನೋಡಿ, ತನ್ನ ಸುಳ್ಳನ್ನು ತಿಳಿದು, ಊರ ಮಂದಿಯ ಮುಂದೆ ತಂಗಿಯ ಮಾನ ಉಳಿಸಿ, ಒಳಗೊಳಗೇ ಕುದಿಯುತ್ತ ಗಾಡಿ ಹೊಡೆದನೇ? ಆ ಟ್ರಾಲಿ ಕಾಣದಷ್ಟು ಸಿಟ್ಟಿನಲ್ಲಿದ್ದನೇ?

ಉತ್ತರ ಎಲ್ಲಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಅವಳ ಮೇಜಿನ ಮೇಲೆಯೇ ಇತ್ತು.

ಸುಮಿತ ತಂಗಿಯನ್ನು ಎಂದೂ ಬೈದವನಲ್ಲ. ಪರದೆಯ ಮೇಲೆ ಗೆರೆ, ಚುಕ್ಕಿಗಳಲ್ಲಿ ಒಂದು ಆಕಳನ್ನು ಬಿಡಿಸಿ, ನಾವು ಕೊಟ್ಟ ಮಾತನ್ನು ಅದರ ಬಾಯಿಂದ ಆಡಿಸುವ ಪುಟ್ಟ ಪ್ರೋಗ್ರಾಂ ಒಂದಿದೆ. ಪಿಂಕಿ ಎಡವಟ್ಟು ಮಾಡಿದ ದಿನ ಅವನು ಆ ಆಕಳಿಗೆ ಒಂದು ಮಾತು ಕಲಿಸಿಡುತ್ತಿದ್ದ. ಸಂಜೆ ಅವಳನ್ನು ಕರೆದು, "ಮ್ಯಾಲಿನ ಬಾಣ ಒತ್ತು" ಅನ್ನುತ್ತಿದ್ದ. ಈ ವ್ಯವಸ್ಥೆಯಲ್ಲಿ ಟೈಪ್ ಮಾಡಿದ ಪ್ರತಿ ಸಾಲೂ ಪೆನ್ ಡ್ರೈವಿನ ನೆನಪಿನಲ್ಲಿ ಉಳಿಯುತ್ತದೆ. ಮೇಲಿನ ಬಾಣದ ಕೀ ಒತ್ತಿದರೆ ಎಲ್ಲಕ್ಕಿಂತ ಕೊನೆಯದು ತಿರುಗಿ ಬರುತ್ತದೆ. ಪಿಂಕಿ ಒತ್ತುವಳು, ಆಕಳು ಬರುವುದು, ಅವಳ ತಪ್ಪನ್ನು ಅವಳಿಗೇ ಹೇಳುವುದು. ಅಣ್ಣ ಹೊಟ್ಟೆ ಹಿಡಿದುಕೊಂಡು ನಗುವನು. ಅಲ್ಲಿಗೆ ಮುಗಿಯಿತು.

ಅಂದರೆ, ಆ ದಿನ ಅವನಿಗೆ ತಿಳಿದಿದ್ದರೆ ಆಕಳು ಅಲ್ಲಿರುತ್ತದೆ. ಬಾಣ ಒತ್ತಿದರೆ ಸಾಕು.

ಆರು ವರ್ಷ ಅವಳು ಆ ಕೀ ಮುಟ್ಟಲಿಲ್ಲ. ಹಾಗಂತ ಅವನ ಕೊನೆಯ ಸಾಲಿನ ಮೇಲೆ ತನ್ನ ಸಾಲುಗಳನ್ನು ಪೇರಿಸಲೂ ಮನಸ್ಸಾಗಲಿಲ್ಲ. ಸಾಲಿನ ಮೊದಲಿಗೆ ಒಂದು ಖಾಲಿ ಜಾಗ ಬಿಟ್ಟು ಟೈಪ್ ಮಾಡಿದರೆ ಆ ಸಾಲು ನೆನಪಿಗೆ ಹೋಗುವುದಿಲ್ಲ. ಗುಟ್ಟಿನ ಕೆಲಸಕ್ಕೆ ಇರಲಿ ಅಂತ ಅದನ್ನೂ ಅಣ್ಣನೇ ಕಲಿಸಿದ್ದ. ಅಂದಿನಿಂದ ಪಿಂಕಿ ಏನು ಟೈಪ್ ಮಾಡಿದರೂ ಮೊದಲು ಸ್ಪೇಸ್ ಒತ್ತುತ್ತಾಳೆ. ದಿನಕ್ಕೆ ನೂರು ಸಾಲು ಬರೆದರೂ ಅವಳದೊಂದು ಗುರುತು ಅದರಲ್ಲಿಲ್ಲ. ಸುಮಿತನ ಹೆಸರಿನ ಮುಂದೆ ಕೂತು, ಸುಮಿತನ ನೆನಪನ್ನು ಕಾಯುತ್ತ, ಆ ನೆನಪಿಗೇ ಹೆದರಿಕೊಂಡು ಅವಳು ಊರವರ ಮಷಿನ್ ರಿಪೇರಿ ಮಾಡಿದಳು.

ಕಳೆದ ತಿಂಗಳು ಒಂದು ಮುಂಜಾನೆ, ಚಾದರಿನ ವ್ಯಾಪಾರದ ಪ್ರಸಾದ ಸೇಠ ತನ್ನ ಹೊಸ ಲ್ಯಾಪ್‌ಟಾಪ್ ತಂದ. ಅದರ ಸ್ವಂತ ವ್ಯವಸ್ಥೆ ಕುಸಿದಿತ್ತು. ಒಳಗೆ ಚಾದರಿನ ಡಿಸೈನುಗಳಿದ್ದವು, ಸಂಜೆಯೊಳಗೆ ಬೇಕಾಗಿದ್ದವು. ಪಿಂಕಿ ಅಣ್ಣನ ಪೆನ್ ಡ್ರೈವ್ ಚುಚ್ಚಿದಳು.

"ಸುಮಿತ ಎದ್ದಾನೇನ?" ಭಾಗಾಬಾಯಿ ಕೇಳಿದಳು.

ಎದ್ದಿರಲಿಲ್ಲ. ಚಾಲೂ ಆಗುವ ಸಾಧನವೇ ಇಲ್ಲ ಅಂದಿತು ಪರದೆ. ಪಿಂಕಿ ಪೆನ್ ಡ್ರೈವ್ ತೆಗೆದು ಬೇರೆ ತೂತಿಗೆ ಹಾಕಿದಳು. ಮಷಿನ್ನಿನ ಸೆಟ್ಟಿಂಗಿಗೆ ಹೋಗಿ, ಹೊರಗಿನ ವ್ಯವಸ್ಥೆಯನ್ನು ಒಳಬಿಡದ ಕಾವಲು ಕೀಲಿಯನ್ನು ತೆಗೆದಳು. ಯಾವುದರಿಂದ ಮೊದಲು ಚಾಲೂ ಆಗಬೇಕೆಂಬ ಪಟ್ಟಿಯಲ್ಲಿ ಪೆನ್ ಡ್ರೈವನ್ನು ತುದಿಗೆ ತಂದಳು. ಈ ಸಲ ಮಷಿನ್ನಿಗೆ ಪೆನ್ ಡ್ರೈವ್ ಕಂಡಿತು, ಪರದೆ ಕಪ್ಪಾಯಿತು, ಆಮೇಲೆ ಓದಲಾಗುತ್ತಿಲ್ಲ, ಓದಲಾಗುತ್ತಿಲ್ಲ ಎಂದು ಒಂದರ ಕೆಳಗೊಂದು ಸಾಲು ಸುರಿದು ಅಲ್ಲಿಗೇ ನಿಂತಿತು.

"ಪಿಂಕಿಬಾಯಿ, ಪೆನ್ ಡ್ರೈವ್ ಹಳೀದಾಗ್ಯಾದ ಕಾಣ್ತದ. ಹೊಸಾದೊಂದು ಮಾಡ್ರೆಲಾ, ಹತ್ತು ಮಿನಿಟಿನ ಕೆಲಸ" ಅಂದ ಪ್ರಸಾದ.

"ಪೆನ್ ಡ್ರೈವ್ ಬರೋಬ್ಬರಿ ಅದ್ರಿ" ಪಿಂಕಿ ಹರಿಹಾಯ್ದಳು. "ಮಷಿನ್ದ ತ್ರಾಸ ಅದ."

ಹೇಳಿ ಮುಗಿಸಿದವಳು ಹಾಗೇ ಕೂತಳು. ಅದೇ ಮಾತು. ಅಕ್ಷರ ಕೂಡ ಹಿಂದುಮುಂದಾಗಿರಲಿಲ್ಲ. ಬೆನ್ನ ಹಿಂದೆ ಅಣ್ಣ ನಿಂತು ಗಾಡಿಯ ಕೀಲಿ ಆಡಿಸುತ್ತಿದ್ದಾನೆ ಅನ್ನಿಸಿತು, ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಇಲ್ರಿ ಸೇಠ" ಅಂದಳು, ಪೆನ್ ಡ್ರೈವ್ ಕಿತ್ತುಕೊಂಡು. "ಸುಳ್ಳ ಹೇಳಿದೆ. ನಿಮ್ಮ ಮಷಿನ್ ಛಲೋ ಅದ. ನಂದಽ ಕೆಟ್ಟದ. ನಾಕ ಗಂಟೆಕ್ಕ ಬರ್ರಿ."

ಪ್ರಸಾದ ಹೋದ. ಡಿಸೈನುಗಳಿಗೆ ಬೇರೆ ಪೆನ್ ಡ್ರೈವ್ ಸಾಕಿತ್ತು. ಆದರೆ ಇದು ಸತ್ತರೆ ಅದರೊಳಗಿನ ಕೊನೆಯ ಸಾಲೂ ಸಾಯುತ್ತದೆ, ಅಣ್ಣನಿಗೆ ತಿಳಿದಿತ್ತೋ ಇಲ್ಲವೋ ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಇಷ್ಟು ವರ್ಷ ನೋಡದೆ ಇರುವುದು ಅವಳ ಕೈಯಲ್ಲಿತ್ತು. ಈಗ ಅದೂ ಕೈ ಬಿಟ್ಟು ಹೋಗುತ್ತಿತ್ತು.

ಅವಳು ಪೆನ್ ಡ್ರೈವನ್ನು ಅಂಗಡಿಯ ಕಂಪ್ಯೂಟರಿಗೆ ಹಚ್ಚಿ, ಓದಲು ಬರುವಷ್ಟನ್ನು ಮೊದಲು ಎತ್ತಿಕೊಂಡು, ಬಾರದ ಕಡೆಗೆ ಮತ್ತೆ ಮತ್ತೆ ತಿರುಗಿ ಬರುವ ನಕಲು ಪ್ರೋಗ್ರಾಂ ಹಾಕಿದಳು. ನಕಲು ಇರುವೆಯ ಹಾಗೆ ಸಾಗಿತು. ಪೆನ್ ಡ್ರೈವ್ ಕಾದು ಕೈ ಸುಡುವಂತಾಯಿತು. ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿಟ್ಟಳು.

"ಜ್ವರ ಬಂದಾವೇನ ಅಂವಗ?" ಭಾಗಾಬಾಯಿ ಮೊರ ಬದಿಗಿಟ್ಟು ಹತ್ತಿರ ಬಂದಳು.

"ಹೂಂನಬೇ."

ತಾಯಿ ಸ್ಟೂಲು ಎಳೆದುಕೊಂಡು ಆ ಹೆಬ್ಬೆರಳಷ್ಟು ಪ್ಲಾಸ್ಟಿಕ್ಕಿನ ಪಕ್ಕ ಕೂತಳು. ಇಬ್ಬರೂ ಮಧ್ಯಾಹ್ನದ ರೊಟ್ಟಿ ಉಣ್ಣಲಿಲ್ಲ. ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ಸುಮಿತನ ಫೋಟೊ ಇತ್ತು, ಅದರ ಕಡೆ ಪಿಂಕಿ ನೋಡಲಿಲ್ಲ. ಮೂರು ಗಂಟೆಗೆ ನಕಲು ಮುಗಿಯಿತು. ಅಲ್ಲಲ್ಲಿ ಚೂರು ಹೋಗಿತ್ತು, ಏನು ಹೋಗಿದೆ ಎಂದು ಹೇಳಲು ಬರುತ್ತಿರಲಿಲ್ಲ. ಹರಿದಲ್ಲಿ ಹೊಲಿದು, ಹೊಸ ಪೆನ್ ಡ್ರೈವ್ ತೆಗೆದು, ಅದರ ಮೇಲೆ ನಕಲನ್ನು ಬರೆದಳು. ಎಳೆದು ಹಾಕಲಿಲ್ಲ, ಬರೆದಳು. ಪ್ರಸಾದನ ಲ್ಯಾಪ್‌ಟಾಪಿಗೆ ಚುಚ್ಚಿ ಗುಂಡಿ ಒತ್ತಿದಳು.

ಪರದೆ ಕಪ್ಪಾಯಿತು. ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಆಮೇಲೆ ಎಡತುದಿಯಲ್ಲಿ ಐದು ಅಕ್ಷರ ಮೂಡಿದವು.

"ಎದ್ದ!" ಭಾಗಾಬಾಯಿ ಎದೆ ಮೇಲೆ ಕೈಯಿಟ್ಟುಕೊಂಡಳು.

ಪಿಂಕಿ ಮೇಲಿನ ಬಾಣ ಒತ್ತಿದಳು.

ಒಂದು ಸಾಲು ಬಂತು. ಮೊದಲ ಪದ ಆಕಳನ್ನು ಕರೆಯುವುದು. ಮುಂದಿನದನ್ನು ಅವಳು ಓದಲಿಲ್ಲ, ಎಂಟರ್ ಒತ್ತಿಬಿಟ್ಟಳು. ಗೆರೆ, ಚುಕ್ಕಿಗಳ ಆಕಳು ಪರದೆಯ ಮೇಲೆ ನಿಂತಿತು. ಅದರ ಬಾಯಿಂದ ಹೊರಟ ಗುಳ್ಳೆಯಲ್ಲಿ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಅವರ ಮನೆಯ ಮಾತು: "ಪಿಂಕಿ, ಎಳದ ಹಾಕೂದು ಬ್ಯಾರೆ, ಬರಿಯೂದು ಬ್ಯಾರೆ. ಜಿಲೇಬಿ ಕೊಡಸು, ಯಾರಿಗೂ ಹೇಳಂಗಿಲ್ಲ."

ಅವನಿಗೆ ಗೊತ್ತಿತ್ತು. ಅಂದೇ, ಅಲ್ಲೇ, ಆ ಶಾಲೆಯ ಬೆಂಚಿನ ಮೇಲೆ ಕೂತು ಅವನು ನಕ್ಕಿದ್ದ. ಸಂಜೆ ಮನೆಗೆ ಬಂದು ತೋರಿಸಬೇಕೆಂದು ಆಕಳನ್ನು ಕಟ್ಟಿಟ್ಟುಕೊಂಡು ಹೊರಟಿದ್ದ. ಆರು ವರ್ಷ ಆ ನಗು ಒಂದು ಕೀಲಿಯ ಕೆಳಗಿತ್ತು. ಅವಳೇ ಕಾಯ್ದಿದ್ದಳು, ಅವಳೇ ಮುಟ್ಟಿರಲಿಲ್ಲ.

ಪಿಂಕಿ ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಅತ್ತು, ಆಕಳ ಮಾತನ್ನು ತಾಯಿಗೆ ಓದಿ, ಎಲ್ಲ ಹೇಳಿದಳು. ಅರಿಷಿಣದ ಅವಸರ, ಫೋನು, ಸುಳ್ಳು, ಅಣ್ಣ ಸಿಟ್ಟಿನಲ್ಲೇ ಹೋದನೇನೋ ಎಂಬ ಭಯ. "ನಾ ಖರೇ ಹೇಳಿದ್ರ ಅಂವ ಹೋಗ್ತಿರಲಿಲ್ಲಬೇ. ಆ ದಾರಿಗೇ ಬೀಳ್ತಿರಲಿಲ್ಲ."

ಭಾಗಾಬಾಯಿ ಆಕಳನ್ನೇ ನೋಡಿದಳು. ಸೆರಗಿನಿಂದ ಮೊದಲು ಪರದೆಯ ಧೂಳು ಒರೆಸಿದಳು, ಆಮೇಲೆ ತನ್ನ ಕಣ್ಣು.

"ಸಿಟ್ಟಿನಾಗ ಇದ್ದಾಂವ ಜಿಲೇಬಿ ಕೇಳ್ತಾನೇನ, ಹುಚ್ಚಿ?" ಅಂದಳು. "ಅಂವಗೇನರ ಹೇಳೂದಿದ್ರ ಈಗ ಹೇಳು. ಎದ್ದಾನಲಾ."

ಪಿಂಕಿ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು. ರೂಢಿಯಂತೆ ಹೆಬ್ಬೆರಳು ತಾನೇ ಸ್ಪೇಸ್ ಒತ್ತಿತು. ಅದನ್ನು ಅಳಿಸಿದಳು. ಸಾಲಿನ ತುದಿಯಿಂದಲೇ ಆಕಳನ್ನು ಕರೆದು, ಅದರ ಬಾಯಿಗೆ ಮಾತು ಕೊಟ್ಟಳು: "ಹೂಂ ಅಣ್ಣಾ, ಮಷಿನ್ ಛಲೋ ಇತ್ತು. ತಪ್ಪು ನಂದಽ."

ಆಕಳು ಅದನ್ನು ಹೇಳಿತು. ಅದರ ಕೆಳಗೆ ಮತ್ತೆ ಸುಮಿತನ ಹೆಸರು ಮೂಡಿತು, ಅದರ ಮುಂದೆ ಕಡ್ಡಿ ಮಿನುಗತೊಡಗಿತು. ತಾಯಿ ಮಗಳು ಇಬ್ಬರೂ ಅದನ್ನು ನೋಡುತ್ತ ಕೂತರು.