ಸಿಹಿನೀರಿನ ಸಂಬಂಧ

ಧ್ರುವ ಸಮುದ್ರದ ಹಿಮದೊಳಗೆ ಬದುಕುವ ಸೂಕ್ಷ್ಮಜೀವಿಗಳ ಅಧ್ಯಯನ ನನ್ನ ಕೆಲಸ. ಮೊದಲ ಸಲ ಅಲ್ಲಿಗೆ ಹೊರಟಾಗ ತಿಕೋಟಾದ ಸೋದರಮಾವ, "ಬಿಸಿಲಾಗ ಬೆಳದ ಹುಡುಗಿ, ವಾರದಾಗ ತಿರುಗಿ ಬರ್ತಾಳ" ಎಂದಿದ್ದ. ಎರಡು ಸಲ ಹೋಗಿ ಬಂದೆ. ಈ ಬೇಸಿಗೆಯಲ್ಲಿ ಬಬಲೇಶ್ವರದ ಮನೆಗೆ ಬಂದರೆ ಅದೇ ಮಾವ ಒಂದು ಸಂಬಂಧ ಹಿಡಿದುಕೊಂಡು ಕೂತಿದ್ದ.

"ಹುಡುಗಂದು ಅಥಣಿ ರೋಡಿಗೆ ಸ್ವಂತ ಮನಿ ಐತಿ, ನಳಕ್ಕ ಸಿಹಿನೀರು ಬರ್ತೈತಿ. ಆ ಬರ್ಫದ ಕೆಲಸ ಬಿಟ್ಟು ಹೂಂ ಅನ್ನವ್ವಾ." ನಮ್ಮ ಬೋರಿನ ಉಪ್ಪುಪ್ಪಾದ ಸವಳು ನೀರಿನ ಚಹಾವನ್ನು ಅವನು ಮುಖ ಕಿವುಚಿಕೊಂಡೇ ಕುಡಿಯುತ್ತಿದ್ದ.

ನಾನು ನನ್ನ ಜೀವಿಗಳ ಕತೆ ಹೇಳಿದೆ. ಹಿಮದ ಸಂದುಗಳಲ್ಲಿ ನಿಂತ ಕಡು ಉಪ್ಪುನೀರಿನಲ್ಲೇ ಅವು ಬೆಳೆಯುತ್ತವೆ. ಅದಕ್ಕೇ ಪರೀಕ್ಷೆಗೆಂದು ಹಿಮ ಕರಗಿಸುವಾಗ ನಾವು ಸಮುದ್ರದ ನೀರು ಬೆರೆಸುತ್ತೇವೆ. ಬೆರೆಸದಿದ್ದರೆ ಕರಗಿದ ಸಿಹಿನೀರು ಒಳಗೆ ನುಗ್ಗಿ ಎಷ್ಟೋ ಜೀವಿಗಳು ಒಡೆದು ಸಾಯುತ್ತವೆ. ಈಗ ಭೂಮಿ ಕಾದು ಹಿಮ ಬೇಗ ಕರಗುತ್ತಿದೆ. ಅಲ್ಲಿಯೂ ಸಿಹಿನೀರು ಅವುಗಳ ಮೇಲೆ ಬೀಳುತ್ತಿದೆ, ಯಾರೂ ಅವನ್ನು ಕೇಳದೆ.

ಮಾವ ಚಹಾದ ಕಪ್ಪನ್ನು ಕೆಳಗೆ ಕುಕ್ಕಿದ. "ಅಂದ್ರ ನೀನೂ ಒಂದು ಹುಳಾ ಏನು?"

"ಅಲ್ಲ ಮಾಮಾ. ಬ್ಯಾಡ ಅನ್ನಾಕ ಅವಕ್ಕ ಬಾಯಿಲ್ಲ. ನನಗೈತಿ."