ಒಂದು ಸೈನ್ ಕೇಳಿದವಳು

ಹೋದ ವಾರ ಬಣ್ಣ ಹೊಡೆಯುವವನು ಕೊನೆಮನೆಯ ಕಿಟಕಿ ಉಜ್ಜುತ್ತಾ ನನ್ನನ್ನು ಕರೆದ. "ಏನಕ್ಕಾ, ಈ ಎರಡು ಸರಳಿಗೆ ಎಮ್ಮೆ ಕಟ್ತಿದ್ರಾ? ಪೇಂಟೆಲ್ಲಾ ಸವ್ದೋಗದೆ." ನಗು ಬರಬೇಕಿತ್ತು, ಬರಲಿಲ್ಲ. ಅಲ್ಲಿ ತನ್ನನ್ನೇ ಕಟ್ಟಿಕೊಂಡು ಕೂರುತ್ತಿದ್ದವಳು ನೆನಪಾದಳು...

ಬಾಶೆಟ್ಟಿಹಳ್ಳಿಯಲ್ಲಿ ನಮ್ಮದು ನಾಲ್ಕು ಬಾಡಿಗೆ ಮನೆಗಳ ಸಾಲು. ನಾಲ್ಕೂ ನನ್ನ ಹೆಸರಿನಲ್ಲಿವೆ. ಕೊನೆಯದಕ್ಕೆ ಅವಳು ಬಂದಾಗ ಕೈಯಲ್ಲಿದ್ದದ್ದು ಒಂದು ಬ್ಯಾಗು, ಒಂದು ಕಟ್ಟು ಬಿದಿರು ಕೋಲು. ಮಣಿಪುರದ ಗಲಾಟೆಯಲ್ಲಿ ಮನೆ ಸುಟ್ಟುಹೋಗಿ ಬಂದವಳು. ಕಣ್ಣು ಕಾಣದ ತಾಯಿ ಅಲ್ಲೇ ನಿರಾಶ್ರಿತರ ಶಿಬಿರದಲ್ಲಿ ಉಳಿದಿದ್ದರು. ಇವಳು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಹಿಡಿದಳು, ಅಲ್ಲಿಯವರ ಜೊತೆ ಕನ್ನಡವನ್ನೂ ಕಲಿತಳು. ರಜೆಯ ದಿನ ನೇಯುತ್ತಿದ್ದಳು.

ದೊಡ್ಡಬಳ್ಳಾಪುರದ ಕಡೆಯವರಿಗೆ ಮಗ್ಗ ಎಂದರೆ ಕರೆಂಟಿನಲ್ಲಿ ಓಡುವ, ಇಡೀ ಬೀದಿಗೆ ಕೇಳಿಸುವ ಯಂತ್ರ. ಅವಳ ಮಗ್ಗವೆಂದರೆ ಆ ಬಿದಿರು ಕೋಲುಗಳೇ, ಅದರಲ್ಲಿ ಸದ್ದೇ ಇರಲಿಲ್ಲ. ನೂಲಿನ ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ತುದಿ ಪಟ್ಟಿಯಲ್ಲಿ ಅವಳ ಸೊಂಟಕ್ಕೆ. ಕರೆದರೆ ಎದ್ದು ಬರಲಾಗುತ್ತಿರಲಿಲ್ಲ, ಕೂತಲ್ಲಿಂದಲೇ ನಗುತ್ತಿದ್ದಳು.

ಒಮ್ಮೆ ನಿರಾಶ್ರಿತ ಕುಟುಂಬಗಳಿಗೆ ದುಡಿಮೆಯ ದಾರಿ ಮಾಡಿಕೊಡುವ ಸಂಸ್ಥೆಯವರು ಬಂದರು. ನೂಲು ಅವರೇ ಕೊಡುತ್ತಾರೆ, ನೇಯ್ದ ಶಾಲು ಅವರೇ ಕೊಳ್ಳುತ್ತಾರೆ. ಮನೆಯಲ್ಲೇ ಕೆಲಸವಿದ್ದರೆ ತಾಯಿಯನ್ನು ನೋಡಿಕೊಳ್ಳಬಹುದು. ಶಿಬಿರದಿಂದ ಪೊಲೀಸ್ ಕಾವಲಿನಲ್ಲಿ ತಾಯಿಯನ್ನು ಕರೆತರುವ ಜವಾಬ್ದಾರಿಯನ್ನೂ ಸಂಸ್ಥೆಯವರೇ ಒಪ್ಪಿಕೊಂಡರು. ಬೇಕಾಗಿದ್ದದ್ದು ಇವಳು ಇಲ್ಲಿ ವಾಸವಿದ್ದಾಳೆ ಎಂಬ ಮನೆ ಮಾಲೀಕರ ಪತ್ರ.

"ಒಂದು ಸೈನ್ ಅಷ್ಟೇ ಅಕ್ಕ" ಎಂದಳು.

ಸೈನ್ ಎಂದರೆ ನನಗೆ ಜೀವವೇ ಬಾಯಿಗೆ ಬರುತ್ತಿತ್ತು. ನನ್ನ ತವರು ಇಲ್ಲೇ ಹತ್ತಿರದ ಚನ್ನರಾಯಪಟ್ಟಣ ಹೋಬಳಿಯ ಕಡೆ. ಹೊಲಕ್ಕೆ ಸರ್ಕಾರದ ಭೂಸ್ವಾಧೀನದ ನೋಟಿಸು ಬಂದಾಗಿನಿಂದ ನಮ್ಮೂರಲ್ಲಿ ಯಾರೂ ಯಾವ ಕಾಗದಕ್ಕೂ ಸೈನ್ ಹಾಕುತ್ತಿರಲಿಲ್ಲ. ಮೊಮ್ಮಗನ ಮಾರ್ಕ್ಸ್ ಕಾರ್ಡಿಗೂ ಅಪ್ಪ ಎರಡು ದಿನ ಯೋಚಿಸಿದ್ದರು. ಫೋನಿನಲ್ಲಿ ಕೇಳಿದರೆ, "ಬ್ಯಾಡ ಕಣಮ್ಮ, ನಾಳೆ ಮನೇನೇ ನಂದು ಅಂದ್ರೆ ಏನ್ಮಾಡ್ತೀಯ?" ಎಂದರು. ನಾನು ಅವಳಿಗೆ ನಾಳೆ ನೋಡೋಣ ಎಂದೆ. ಆಮೇಲೆ ನಾಡಿದ್ದು ಎಂದೆ. ಅವಳ ಕಣ್ಣಿಗೆ ಬೀಳಬಾರದೆಂದು ಹಿತ್ತಿಲ ಬಾಗಿಲಿನಿಂದ ಓಡಾಡಿದೆ. ನನ್ನ ಮನೆಯಲ್ಲಿ ನಾನೇ ಕಳ್ಳಿಯಾಗಿದ್ದೆ.

ಮೂರನೇ ಸಲ ಕೇಳಿದಾಗ ಅಪ್ಪನ ಮಾತು ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ನಮ್ಮಪ್ಪನೂ ಹಂಗೇ ಅಕ್ಕ. ಕಾಗ್ದ ಎಲ್ಲಾ ಪೆಟ್ಟಿಗೇಲಿ ಭದ್ರವಾಗಿ ಇಟ್ಟಿದ್ರು. ಪೆಟ್ಟಿಗೆ ಸಮೇತ ಸುಟ್ಟೋಯ್ತು."

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಯಾರನ್ನೂ ಕೇಳದೆ ಪತ್ರ ಬರೆದು ಸೈನ್ ಹಾಕಿ ಕೊನೆಮನೆಗೆ ಹೋದೆ. ಅವಳು ಮಗ್ಗ ಕಟ್ಟಿಕೊಂಡೇ ಕೂತಿದ್ದಳು, ಕೈ ಆಡುತ್ತಿರಲಿಲ್ಲ. ಫೋನು ನೆಲದ ಮೇಲಿತ್ತು. ಶಿಬಿರದಲ್ಲಿ ತಾಯಿ ಜ್ವರ ಬಂದು ತೀರಿಕೊಂಡಿದ್ದರು.

"ಮಣ್ಣಿಗಾದ್ರೂ ಹೋಗಿ ಬಾರಮ್ಮ" ಎಂದೆ.

"ದಾರಿ ಇಲ್ಲ ಅಕ್ಕ. ಆ ರಸ್ತೆ ಈಗ ಎದುರು ಗುಂಪಿನೋರ ಕೈಲಿದೆ, ನಮ್ಮೋರು ಒಬ್ರೇ ಹೋಗಂಗಿಲ್ಲ."

ಸೊಂಟದ ಪಟ್ಟಿ ಬಿಚ್ಚಲು ನಾನು ಬಗ್ಗಿದೆ. ಬಿಡಲಿಲ್ಲ. ಪತ್ರವನ್ನು ಒಮ್ಮೆ ನೋಡಿ, ಮಡಿಸಿ, ನನ್ನ ಕೈಗೇ ಇಟ್ಟಳು. "ಇನ್ ಯಾರನ್ನ ಕರ್ಕೊಂಡ್ ಬರ್ಲಿ..."

ಮುಂಚೆಯೇ ಕೊಟ್ಟಿದ್ದರೆ ಆ ತಾಯಿ ಬದುಕುತ್ತಿದ್ದರು ಎನ್ನಲಾರೆ. ಮಗಳ ಹತ್ತಿರ ಇರುತ್ತಿದ್ದರು. ಇದನ್ನು ಯೋಚಿಸಲು ಶುರುಮಾಡಿದರೆ ಇವತ್ತಿಗೂ ನನಗೆ ಹೊರಗೆ ಬರಲಾಗುವುದಿಲ್ಲ. ಮುಂದಿನ ತಿಂಗಳು ಅವಳು ಮನೆ ಖಾಲಿ ಮಾಡಿದಳು. ಎಲ್ಲಿಗೆ ಎಂದು ಕೇಳುವ ಮುಖ ನನಗಿರಲಿಲ್ಲ.

ಬಣ್ಣದವನು ಎರಡು ಕೋಟ್ ಹೊಡೆದು ಹೋದ. ಸರಳುಗಳು ಈಗ ಉಳಿದವುಗಳಂತೆಯೇ ಇವೆ. ಬಾಡಿಗೆಗೆ ಬಂದವರಿಗೆ ಈಗೀಗ ಕೇಳುವ ಮುಂಚೆಯೇ ಪತ್ರ ಬರೆದುಕೊಡುತ್ತೇನೆ. ಅವಳದ್ದು ಮಾತ್ರ ನನ್ನ ಬೀರುವಿನಲ್ಲಿದೆ. 'ಸದರಿಯವರು ನಮ್ಮ ಮನೆಯಲ್ಲಿ ವಾಸವಾಗಿದ್ದಾರೆ' ಎಂದು ನನ್ನದೇ ಕೈಬರಹ. ಅವಳು ಕೇಳಿದ ದಿನ ಆ ಮಾತು ನಿಜವಾಗಿತ್ತು.